ಆಮ್‌ಸ್ಟರ್‌ಡ್ಯಾಮ್ ತೂಕದ ಮನೆ ಮಾಡೆಲ್: ತಕ್ಕಡಿ ಕೈಕೊಟ್ಟ ವಾರ

ಈ ವಾರ ಗೋಡೆ ಕೆಲಸ ಒಂದಿಂಚೂ ಮುಂದೆ ಹೋಗಲಿಲ್ಲ. ಇಡೀ ವಾರ ತಕ್ಕಡಿಗೇ ಹೋಯಿತು.

ನಾನು ರಟ್ಟಿನಲ್ಲಿ ಮಾಡುತ್ತಿರುವುದು ಆಮ್‌ಸ್ಟರ್‌ಡ್ಯಾಮಿನ ನ್ಯೂಮಾರ್ಕ್ಟ್ ಚೌಕದ ತೂಕದ ಮನೆ. ಡಚ್ಚರು ಇದಕ್ಕೆ ವಾಖ್ ಅನ್ನುತ್ತಾರೆ. ಆಗ ದೊಡ್ಡ ತೂಕದ ಸರಕನ್ನು ವ್ಯಾಪಾರಿ ತನ್ನ ಅಂಗಡಿಯಲ್ಲೇ ತೂಗಿ ಮಾರುವ ಹಾಗಿರಲಿಲ್ಲ. ಊರಿನ ತಕ್ಕಡಿಗೆ ತರಬೇಕು, ತೂಗಿಸಬೇಕು, ಶುಲ್ಕ ಕಟ್ಟಬೇಕು. ಊರಿಗೂ ಒಳ್ಳೆ ಆದಾಯ.

ಮೊದಲು ಡಾಮ್ ಚೌಕದ ತೂಕದ ಮನೆಯನ್ನೇ ಮಾಡೋಣ ಅಂತಿದ್ದೆ. 1565ರ ಕಟ್ಟಡ ಅದು, ಊರಿನ ನಟ್ಟನಡುವೆ ಒಂಟಿಯಾಗಿ ನಿಂತಿತ್ತು, ಹಳೇ ಚಿತ್ರಗಳಲ್ಲಿ ಸುತ್ತ ಮೂಟೆ, ಪೀಪಾಯಿ, ಜನ ಎಲ್ಲ ಕಾಣುತ್ತದೆ. ಆದರೆ ನೆಪೋಲಿಯನ್ನನ ತಮ್ಮ ಲೂಯಿ ಅಲ್ಲಿಗೆ ರಾಜನಾಗಿ ಬಂದವನು ಪಕ್ಕದ ಟೌನ್ ಹಾಲನ್ನೇ ಅರಮನೆ ಮಾಡಿಕೊಂಡ. ಕಿಟಕಿಯಿಂದ ನೋಡಿದರೆ ಎದುರಿಗೆ ತೂಕದ ಮನೆ ಅಡ್ಡ. 1808ರಲ್ಲಿ ಕೆಡವಿಸಿಬಿಟ್ಟ! ಇಲ್ಲದ ಕಟ್ಟಡದ ಅಳತೆ ಹುಡುಕುತ್ತಾ ಕೂರುವ ತಾಳ್ಮೆ ನನಗಿಲ್ಲ, ಹಾಗಾಗಿ ಉಳಿದುಕೊಂಡಿರುವ ನ್ಯೂಮಾರ್ಕ್ಟಿನದ್ದನ್ನೇ ಹಿಡಿದೆ.

ಇದು ಹುಟ್ಟಿದ್ದು ತೂಕಕ್ಕಲ್ಲ. ಊರಿನ ಕೋಟೆ ಬಾಗಿಲು ಇದು, ಕಲ್ಲಿನ ಮೇಲೆ 1488 ಅಂತ ಕೆತ್ತಿದೆ. ಊರು ಬೆಳೆಯಿತು, ಕೋಟೆ ಗೋಡೆ ಹೋಯಿತು, ಬಾಗಿಲು ಮಾತ್ರ ಊರೊಳಗೆ ಸುಮ್ನೆ ಉಳಿಯಿತು. ಅಷ್ಟರಲ್ಲಿ ವ್ಯಾಪಾರ ಜಾಸ್ತಿಯಾಗಿ ಡಾಮ್ ಚೌಕದ ಒಂದೇ ಮನೆ ಸಾಲದಾಗಿತ್ತು. 1617ರಲ್ಲಿ ಇದನ್ನೂ ತೂಕದ ಮನೆ ಮಾಡಿದರು. ಹಡಗಿನ ಲಂಗರು, ಫಿರಂಗಿ ಎಲ್ಲ ಇಲ್ಲಿ ತೂಗುತ್ತಿದ್ದರು. ಮಹಡಿಯನ್ನು ಕಮ್ಮಾರರು, ಚಿತ್ರಕಾರರು, ಗಾರೆ ಕೆಲಸದವರು, ಶಸ್ತ್ರವೈದ್ಯರ ಸಂಘಗಳಿಗೆ ಕೊಟ್ಟರು. ರೆಂಬ್ರಾಂಟ್ 1632ರಲ್ಲಿ ಬರೆದ, ಡಾಕ್ಟರ್ ಟುಲ್ಪ್ ಹೆಣ ಕೊಯ್ದು ತೋರಿಸುವ ಆ ಹೆಸರುವಾಸಿ ಚಿತ್ರ ಈ ಶಸ್ತ್ರವೈದ್ಯರ ಸಂಘಕ್ಕೇ ಮಾಡಿಕೊಟ್ಟದ್ದು. ಕೆಳಗೆ ಲಂಗರು ತೂಗೋದು, ಮೇಲೆ ಹೆಣ ಕೊಯ್ಯೋದು. ಎಂಥ ಕಟ್ಟಡ ಅಲ್ವಾ!

ಸರಿ, ತಕ್ಕಡಿ ಕಥೆ. ಒಳಗೆ ನಿಜವಾಗಿ ತೂಗುವ ತಕ್ಕಡಿ ಇರಬೇಕು ಅಂತ ನನ್ನ ಹಟ. ಪ್ರಯೋಗಕ್ಕೆ ಮೊದಲು 30 ಸೆಂಟಿಮೀಟರ್ ತೇಗದ ಪಟ್ಟಿಯಲ್ಲಿ ಒಂದು ಮಾಡಿದೆ. ನಡುವಿನ ತೂತು ತಟ್ಟೆ ನೇತುಹಾಕುವ ತೂತುಗಳಿಗಿಂತ ಸ್ವಲ್ಪ ಕೆಳಗೆ ಬಿತ್ತು. ತಟ್ಟೆಗೆ ಭಾರ ಹಾಕಿದ್ದೇ ತಡ, ಪಲ್ಟಿ. ಅಕ್ಕಿಯೆಲ್ಲ ನೆಲಕ್ಕೆ. ಮನೆಯವರ ಮುಖ ನೋಡಬೇಕಿತ್ತು.

ಎರಡನೆಯದರಲ್ಲಿ ನಡುವಿನ ತೂತು ಮೇಲೆ ಕೊರೆದೆ. ಮುಳ್ಳು ನೆಟ್ಟಗೆ ನಿಂತಿತು. ಖುಷಿಯಲ್ಲಿ ಎಡ ತಟ್ಟೆಗೆ 494 ಗ್ರಾಂ ಸ್ಕ್ರೂ ಹಾಕಿದೆ. ಹಳೇ ಆಮ್‌ಸ್ಟರ್‌ಡ್ಯಾಮ್ ಪೌಂಡ್ ಅಂದರೆ ಅಷ್ಟೇ. ಬಲಕ್ಕೆ ಮುಳ್ಳು ಮಧ್ಯಕ್ಕೆ ಬರುವವರೆಗೂ ಅಕ್ಕಿ ಸುರಿದೆ. ಪಕ್ಕದ ಮನೆ ಅಜ್ಜ ನೋಡುತ್ತಾ ನಿಂತಿದ್ದರು, ಎಪಿಎಂಸಿಯಲ್ಲಿ ವರ್ಷಗಟ್ಟಲೆ ಹಮಾಲಿ ಮಾಡಿದವರು. "ಈಗ ಸ್ಕ್ರೂ ಬಲಕ್ಕೆ, ಅಕ್ಕಿ ಎಡಕ್ಕೆ ಹಾಕ್ರಿ ನೋಡೋಣ" ಅಂದರು. ಹಾಕಿದೆ. ಸ್ಕ್ರೂ ಇದ್ದ ಕಡೆ ದಬಕ್ಕನೆ ಕೆಳಗೆ ಹೋಯಿತು.

ಅಡುಗೆ ಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೋಡಿದರೆ ಮೊದಲ ಸಲದ ಅಕ್ಕಿ 487 ಗ್ರಾಂ. ಅದಲು ಬದಲು ಮಾಡಿ ಸರಿದೂಗಿಸಿದರೆ 501. ಸ್ಕೇಲ್ ಇಟ್ಟು ಅಳೆದಾಗ ಗೊತ್ತಾಯಿತು, ನಡುವಿನ ತೂತು ಒಂದೇ ಒಂದು ಮಿಲಿಮೀಟರ್ ಎಡಕ್ಕೆ ಸರಿದಿದೆ. ಖಾಲಿ ಇದ್ದಾಗ ಮುಳ್ಳು ನೆಟ್ಟಗೇ ಇತ್ತು, ಯಾಕೆಂದರೆ ಎಡ ತಟ್ಟೆಯ ದಾರ ದಪ್ಪ, ಅದೂ ಇದೂ ಸರಿಹೋಗಿತ್ತು. ಇದೇ ಲೆಕ್ಕದಲ್ಲಿ 300 ಪೌಂಡಿನ ಸರಕು ತೂಗಿದರೆ ಸುಮಾರು 4 ಪೌಂಡ್ ಮಾಯ. ನಾನು ಬೇಕಂತ ಮಾಡಿದ್ದಲ್ಲ, ಬೇಕಂತ ಮಾಡುವವನಿಗೆ ಎಷ್ಟು ಸುಲಭ ನೋಡಿ. ಅಜ್ಜ ನಗುತ್ತಾ "ಈ ತಕ್ಕಡಿ ಇಟ್ಕೊಂಡ್ರೆ ನೀವು ಅಂಗಡಿ ಹಾಕಬಹುದು" ಅಂದರು.

ಇಲ್ಲಿಯವರೆಗೆ ನಾನು ತೂಕದ ಮನೆ ಅಂದರೆ ಸುಂಕದ ಕಟ್ಟೆ ಅಂತಲೇ ಅಂದುಕೊಂಡಿದ್ದೆ. ಆದರೆ ಎಲ್ಲಿಂದಲೋ ಹಡಗಿನಲ್ಲಿ ಬಂದವನು ಗುರುತಿಲ್ಲದ ವ್ಯಾಪಾರಿಯ ತಕ್ಕಡಿಯನ್ನು ಹೇಗೆ ನಂಬಬೇಕು? ವ್ಯಾಪಾರಿ ತಾನೇ ಅವನದ್ದನ್ನು ಯಾಕೆ ನಂಬುತ್ತಾನೆ? ಮಾರುವವನದ್ದೂ ಅಲ್ಲದ, ಕೊಳ್ಳುವವನದ್ದೂ ಅಲ್ಲದ ಒಂದು ತಕ್ಕಡಿ ಬೇಕಿತ್ತು. ಶುಲ್ಕ ಕಟ್ಟುತ್ತಿದ್ದದ್ದು ಅದಕ್ಕೂ ಸೇರಿ.

ಮೂರನೇ ಪಟ್ಟಿ ಕೊರೆದಾಗಿದೆ, ಅದಲು ಬದಲು ಮಾಡಿದರೂ ವ್ಯತ್ಯಾಸ 2 ಗ್ರಾಂ ಒಳಗೇ ಇದೆ. ಇನ್ನು ಇದನ್ನೇ ಮಾಡೆಲ್ ಒಳಗೆ ಕೂರುವ ಹಾಗೆ 4 ಸೆಂಟಿಮೀಟರಿಗೆ ಇಳಿಸಬೇಕು. ತಟ್ಟೆಗೆ ಶರ್ಟಿನ ಗುಂಡಿ ಎತ್ತಿಟ್ಟಿದ್ದೇನೆ. ಆಮೇಲೆ 1691ರ ಆ ನಡುವಿನ ಗುಮ್ಮಟ, ಅದಕ್ಕಿನ್ನೂ ರಟ್ಟು ಕತ್ತರಿಸಿಲ್ಲ.