ಮಲೆನಾಡಿನ ಮಳೆಗೆ ಕಾಗದದ ಕೋಟೆ ಉಳಿಯುತ್ತದೆಯೇ?

ಪುಟ್ಟ ಸೈನಿಕ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟದ ಮೇಜಿನ ಮೇಲೆ ಕಾಗದದಲ್ಲಿ ಕಟ್ಟಿದ ಮನೆ, ಕೋಟೆಗೋಡೆ, ಗುಡ್ಡ ನೋಡಿದವರೆಲ್ಲ ಕೇಳುವುದು ಇದನ್ನೇ: "ಚೆನ್ನಾಗಿದೆ, ಆದರೆ ನಮ್ಮ ಕಡೆ ಮಳೆಗೆ ಇದು ಉಳಿಯತ್ತಾ? ಆಗಸ್ಟ್ ಹೊತ್ತಿಗೆ ಹಪ್ಪಳದ ಹಾಗೆ ಸೊಟ್ಟ ಆಗಲ್ವಾ?" ಶಿವಮೊಗ್ಗದ ಆಟದಂಗಡಿಯ ಮೇಜಿಗೂ ಆಗುಂಬೆ, ಹೊಸನಗರದ ಕಡೆಯ ಮನೆಗೂ ನಮ್ಮ ಉತ್ತರ ಒಂದೇ. ಉಳಿಯುತ್ತದೆ. ಹೊರಗೆ ಸುರಿಯುವ ಮಳೆಗಿಂತ, ಕಟ್ಟುವಾಗ ನಾವೇ ಒಂದು ಬದಿಗೆ ಮಾತ್ರ ಹಚ್ಚುವ ಅಂಟಿನ ನೀರು ಕಾಗದವನ್ನು ಹೆಚ್ಚು ಕೆಡಿಸುತ್ತದೆ.

ಕಾರಣ ತಿಳಿದರೆ ಅರ್ಧ ಕೆಲಸ ಆದಂತೆ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ತೇವ ತಾಗಿದಾಗ ನಾರು ಉದ್ದಕ್ಕೆ ಬೆಳೆಯುವುದು ತೀರಾ ಕಡಿಮೆ, ಅಡ್ಡಕ್ಕೆ ಉಬ್ಬುವುದೇ ಹೆಚ್ಚು. ನಿಮ್ಮ ಹಾಳೆಯ ನಾರು ಯಾವ ಕಡೆಗಿದೆ ಎಂದು ತಿಳಿಯಲು 5 ಸೆಂ.ಮೀ. ಚೌಕದ ತುಂಡು ಕತ್ತರಿಸಿ, ಒಂದು ಮುಖಕ್ಕೆ ಮಾತ್ರ ಒದ್ದೆ ಬೆರಳು ಸವರಿ. ತುಂಡು ಕೊಳವೆಯಂತೆ ಸುರುಳಿಯಾಗುತ್ತದೆ; ಕೊಳವೆ ಯಾವ ಕಡೆ ಉದ್ದವೋ ನಾರು ಆ ಕಡೆಗಿದೆ. ಉದ್ದನೆಯ ಗೋಡೆಗೆ ನಾರು ಗೋಡೆಯ ಉದ್ದಕ್ಕೇ ಬರಬೇಕು. 20 ಸೆಂ.ಮೀ. ಉದ್ದ, 6 ಸೆಂ.ಮೀ. ಎತ್ತರದ ಗೋಡೆಯಲ್ಲಿ ಆಗ ಬಾಗುವುದು ಆ 6 ಸೆಂ.ಮೀ. ಎತ್ತರ ಮಾತ್ರ, ಕಣ್ಣಿಗೆ ಬೀಳುವುದೇ ಇಲ್ಲ. ನಾರು ನಿಂತ ದಿಕ್ಕಿಗಿದ್ದರೆ ಇಡೀ 20 ಸೆಂ.ಮೀ. ಬಿಲ್ಲಾಗುತ್ತದೆ. ದೊಡ್ಡ ಕಾರ್ಡ್‌ಶೀಟ್‌ನಿಂದ ಅಂಗಡಿಯಲ್ಲಿ ಎ4 ಅಳತೆಗೆ ಕತ್ತರಿಸಿಕೊಂಡು ಬಂದಿದ್ದರೆ ಈ ಪರೀಕ್ಷೆ ತಪ್ಪಿಸಲೇಬಾರದು, ಏಕೆಂದರೆ ಕತ್ತರಿಸಿದವರು ನಾರು ನೋಡಿರುವುದಿಲ್ಲ.

ಗೋಡೆ, ಮಾಡುಗಳ ಚಿತ್ರದ ಫೈಲನ್ನು ಮುದ್ರಿಸಲು 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಕಾರ್ಡ್ ಸಾಕು, ಚಿಕ್ಕ ಭಾಗಗಳಿಗೆ 160 ಒಳ್ಳೆಯದು. ಮನೆಯ ಇಂಕ್‌ಜೆಟ್ ಪ್ರಿಂಟರಿನ ಸಾಮಾನ್ಯ ಶಾಯಿ ಬೆವರಿದ ಬೆರಳಿಗೇ ಹರಡುತ್ತದೆ. ಹಾಗಾಗಿ ನಮ್ಮ ಊರುಗಳಿಗೆ ಲೇಸರ್ ಮುದ್ರಣವೇ ಸರಿ. ಅದರ ಟೋನರ್ ಒಂದು ಬಗೆಯ ಪ್ಲಾಸ್ಟಿಕ್, ನೀರಿಗೆ ಕರಗುವುದಿಲ್ಲ. ಮಡಿಕೆಯ ಮೇಲೆ ಮಾತ್ರ ಅದು ಬಿರಿದು ಬಿಳಿ ಗೆರೆ ಕಾಣುತ್ತದೆ, ಬಣ್ಣದ ಪೆನ್ಸಿಲ್ ತಿಕ್ಕಿದರೆ ಮುಚ್ಚಿಹೋಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ 'ಫಿಟ್ ಟು ಪೇಜ್' ತೆಗೆಸಿ ನೂರಕ್ಕೆ ನೂರು ಅಳತೆಯಲ್ಲೇ ಮುದ್ರಿಸಲು ಹೇಳಿ. ಒಂದು ಹಾಳೆ ಸ್ವಲ್ಪ ಕುಗ್ಗಿ, ಇನ್ನೊಂದು ಸರಿಯಾಗಿ ಬಂದರೆ ಗೋಡೆಗೂ ಮಾಡಿಗೂ ಹೊಂದುವುದಿಲ್ಲ. 28 ಮಿ.ಮೀ. ಅಳತೆಯ ಗೊಂಬೆಗಳಿಗೆ ಮಾಡಿದ ಫೈಲನ್ನು 15 ಮಿ.ಮೀ. ಗೊಂಬೆಗಳ ಆಟಕ್ಕೆ ಬಳಸುವುದಾದರೆ ಮಾತ್ರ ಶೇ. 54ಕ್ಕೆ ಇಳಿಸಿ.

ಲೇಸರಿನಿಂದ ಬಿಸಿಬಿಸಿಯಾಗಿ ಬಂದ ಹಾಳೆಯನ್ನು ಕೂಡಲೇ ಕತ್ತರಿಸಬೇಡಿ. ಆ ಕಾವಿಗೆ ಅದರ ತೇವ ಹೋಗಿರುತ್ತದೆ, ಕೋಣೆಯ ಗಾಳಿಗೆ ಮತ್ತೆ ಹೀರಿಕೊಂಡು ಬೆಳೆಯುತ್ತದೆ. ಒಂದು ರಾತ್ರಿ ದಪ್ಪ ಪುಸ್ತಕದಡಿ ಇಟ್ಟು, ಕೆಲಸ ಮಾಡುವ ಕೋಣೆಯ ಹವೆಗೆ ಹೊಂದಿಕೊಂಡ ಮೇಲೆ ಕತ್ತರಿಸಿ. ಕಟರಿನ ಬ್ಲೇಡ್ ಮೊಂಡಾದರೆ ತೇವದ ಕಾಗದ ಕತ್ತರಿಸುವ ಬದಲು ಹರಿದು ಎಳೆ ಎಳೆ ಬಿಡುತ್ತದೆ, ಮಳೆಗಾಲದಲ್ಲಿ ತುದಿಯನ್ನು ಬೇಗ ಬೇಗ ಮುರಿದು ಹೊಸದು ತೆಗೆಯಿರಿ. ಮಡಿಕೆಯ ಗೆರೆಗಳನ್ನು ಸ್ಟೀಲ್ ಸ್ಕೇಲಿಟ್ಟು, ಖಾಲಿಯಾದ ಬಾಲ್‌ಪೆನ್ನಿನಿಂದ ಒತ್ತಿ ಎಳೆದುಕೊಂಡು ಆಮೇಲೆ ಮಡಿಸಿ.

ಇನ್ನು ಮುಖ್ಯ ಹಂತ. ಮುದ್ರಿಸಿದ ಹಾಳೆಯನ್ನು 1.5 ಮಿ.ಮೀ. ಬೂದು ರಟ್ಟಿಗೆ ಫೆವಿಕಾಲ್‌ನಿಂದ ಅಂಟಿಸಿದಾಗ ಹಾಳೆ ಮೊದಲು ನೆನೆದು ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತಾ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಎಷ್ಟು ಭಾರ ಹೇರಿದರೂ ಈ ಎಳೆತ ಹೋಗದು. ಪುಸ್ತಕ ಬೈಂಡಿಂಗ್ ಮಾಡುವವರು ಮಾಡುವುದನ್ನೇ ನಾವೂ ಮಾಡಬೇಕು: ರಟ್ಟಿನ ಹಿಂಬದಿಗೂ ಅಷ್ಟೇ ದಪ್ಪದ ಖಾಲಿ ಹಾಳೆಯನ್ನು, ನಾರಿನ ದಿಕ್ಕು ಒಂದೇ ಇರುವಂತೆ, ಅದೇ ಹೊತ್ತಿಗೆ ಅಂಟಿಸಿ. ಎರಡೂ ಬದಿಯ ಎಳೆತ ಸಮನಾಗಿ ರಟ್ಟು ನೆಟ್ಟಗೆ ನಿಲ್ಲುತ್ತದೆ. ಫೆವಿಕಾಲ್‌ಗೆ ನೀರು ಬೆರೆಸಬೇಡಿ. ಹಳೆಯ ಎಟಿಎಂ ಕಾರ್ಡಿನಿಂದ ತೆಳ್ಳಗೆ ಎಳೆದು, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಭಾರ ಹೇರಿ. ಜುಲೈನಲ್ಲಿ ಒಂದು ರಾತ್ರಿ ಸಾಲದು, ಪೂರ್ತಿ ಒಂದು ಹಗಲು ಒಂದು ರಾತ್ರಿ ಬಿಡಿ. ರಟ್ಟಿಗೆ ರಟ್ಟು ಕೂಡಿಸಲು ಫೆವಿಬಾಂಡ್ ಎಂಬ ರಬ್ಬರ್ ಅಂಟು ವಾಸಿ, ಅದರಲ್ಲಿ ನೀರಿಲ್ಲ. ಎರಡೂ ಕಡೆ ಹಚ್ಚಿ, ಮುಟ್ಟಿದರೆ ಜಿಗುಟೆನಿಸಿದರೂ ಬೆರಳಿಗೆ ಮೆತ್ತಿಕೊಳ್ಳದ ಹದಕ್ಕೆ ಬಂದಾಗ ಕೂಡಿಸಿ. ಒಮ್ಮೆ ಕೂಡಿತೆಂದರೆ ಸರಿಸಲಾಗದು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಥರ್ಮಾಕೋಲ್ ಗುಡ್ಡಕ್ಕೆ ಮಾತ್ರ ಅದನ್ನು ಮುಟ್ಟಿಸಬೇಡಿ, ಕರಗಿ ಗುಳಿ ಬೀಳುತ್ತದೆ.

ಮೈದಾ ಅಂಟು ಅಗ್ಗ, ಆದರೆ ನಮ್ಮ ಹವೆಯಲ್ಲಿ ಬೂಷ್ಟಿಗೂ ಹುಳಕ್ಕೂ ಅದು ಊಟ. ಅದಕ್ಕೆ ಮೈಲುತುತ್ತ ಬೆರೆಸುವ ಹಳೆಯ ಪದ್ಧತಿ ಇದೆ; ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವವರ ಮನೆಯಲ್ಲಿ ಅದು ಸಿಗುತ್ತದೆ ಕೂಡ. ಆದರೆ ಅದು ವಿಷ. ಮಕ್ಕಳು ಕೈಯಾಡಿಸುವ ಮೇಜಿನ ಸಾಮಾನಿಗೆ ಬೇಡವೇ ಬೇಡ.

ಚೌಕದ ಮನೆಗೆ ಒಳಗೆ ಪ್ರತಿ 7-8 ಸೆಂ.ಮೀ.ಗೆ ಒಂದು ರಟ್ಟಿನ ಅಡ್ಡಪಟ್ಟಿ ಕೊಡಿ. ಬಾಗಿಲು 25 ಮಿ.ಮೀ.ಗಿಂತ ಸ್ವಲ್ಪ ಅಗಲವಿರಲಿ, ಇಲ್ಲದಿದ್ದರೆ 25 ಮಿ.ಮೀ. ಬೇಸಿನ (ಕಾಲಡಿಯ ಬಿಲ್ಲೆಯ) ಗೊಂಬೆ ಒಳಗೆ ಹೋಗುವುದಿಲ್ಲ. ಗುಡ್ಡದ ಮೆಟ್ಟಿಲಿಗೆ 30 ಮಿ.ಮೀ. ಅಗಲ ಬೇಕು. ತಳಕ್ಕೆ ಎಂಡಿಎಫ್ (ಮರದ ನಾರಿನ ಹಲಗೆ) ಬದಲು 3 ಮಿ.ಮೀ. ಪಿವಿಸಿ ಸನ್‌ಬೋರ್ಡ್ ಎಂಬ ಪ್ಲಾಸ್ಟಿಕ್ ಹಲಗೆ ಹಾಕಿ, ಅದು ನೀರು ಹೀರುವುದಿಲ್ಲ. ತಳದ ನಾಲ್ಕು ಮೂಲೆಗೂ ಒಂದೊಂದು ಕಬ್ಬಿಣದ ವಾಷರ್ ಅಂಟಿಸಿ. ಫ್ಯಾನ್ ಹಾಕಿದ ಕೂಡಲೇ ಊರೆಲ್ಲ ಜರುಗುವುದು ಕಾಗದದ ಟೆರೇನಿನ, ಅಂದರೆ ಮೇಜಿನ ಮೇಲಿನ ಮನೆ, ಗುಡ್ಡಗಳ ನಿತ್ಯದ ತೊಂದರೆ.

ಇಲ್ಲಿಯದೇ ಯುದ್ಧ ಆಡುವವರಿಗೆ ಒಂದು ಮಾತು. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್ ಬಿದನೂರನ್ನು, ಅಂದರೆ ಇಂದು 'ನಗರ' ಎಂದು ಕರೆಯುವ ಊರನ್ನು ಹಿಡಿದ. ಅದೇ ವರ್ಷ ಟಿಪ್ಪು ಮುತ್ತಿಗೆ ಹಾಕಿ ಮರಳಿ ಪಡೆದ. ಮೇಜಿಗೆ ಇದಕ್ಕಿಂತ ಒಳ್ಳೆಯ ಆಟ ಬೇಕೇ? ಆದರೆ ಆ ಊರಿನ ಮನೆಗಳ ಮೇಲೆ ಮಂಗಳೂರು ಹೆಂಚು ಮುದ್ರಿಸಬೇಡಿ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಸೋಗೆ, ಹುಲ್ಲು, ನಾಡಹೆಂಚು ಇವೇ ಸರಿ. ಗೋಡೆಗೆ ಜಂಬಿಟ್ಟಿಗೆಯ ಕೆಂಪು, ಬುಡದಲ್ಲಿ ಎರಡು ಬೆರಳಗಲ ಪಾಚಿಯ ಹಸಿರು ಕೊಟ್ಟರೆ ನೋಡಿದವರಿಗೆ ಇದು ಯಾವ ಸೀಮೆ ಎಂದು ಹೇಳಬೇಕಾಗುವುದಿಲ್ಲ.

ಕೊನೆಯ ರಕ್ಷಣೆ ಮ್ಯಾಟ್ ಅಕ್ರಿಲಿಕ್ ಸ್ಪ್ರೇ. 25-30 ಸೆಂ.ಮೀ. ದೂರದಿಂದ ತೆಳುವಾಗಿ ಎರಡು ಮೂರು ಸಲ ಹೊಡೆಯಿರಿ, ಒಳಮೈಗೂ ಹೊಡೆಯಿರಿ. ತೇವ ಹೆಚ್ಚು ನುಗ್ಗುವುದು ಕತ್ತರಿಸಿದ ಅಂಚಿನಿಂದ. ಅಂಚಿಗೆ ಮೊದಲು ಮಾರ್ಕರ್ ಬಣ್ಣ ಕೊಟ್ಟು, ತೆಳ್ಳಗೆ ಫೆವಿಕ್ವಿಕ್ ಹರಿಸಿದರೆ ರಟ್ಟು ಅದನ್ನು ಹೀರಿ ಗಟ್ಟಿಯಾಗುತ್ತದೆ. ಜಡಿಮಳೆಯ ದಿನ ಸ್ಪ್ರೇ ಮಾಡಿದರೆ ಗಾಳಿಯ ತೇವ ಸೇರಿ ಮೇಲ್ಮೈ ಹಾಲುಬಣ್ಣಕ್ಕೆ ತಿರುಗುತ್ತದೆ. ಕಟ್ಟುವ ಕೆಲಸ ಮಳೆಗಾಲದಲ್ಲಿ ಮಾಡಿ, ಸ್ಪ್ರೇಗೆ ಬಿಸಿಲು ಬಿಟ್ಟ ಮಧ್ಯಾಹ್ನ ಕಾಯಿರಿ.

ಇಡುವುದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆಗೆ. ನೀಲಿ ಹರಳು ಗುಲಾಬಿಯಾದಾಗ ಅಡುಗೆಗೆ ಬಳಸದ ಪಾತ್ರೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ, ಬಣ್ಣ ಮರಳುತ್ತದೆ. ಬಚ್ಚಲೊಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಮಸಿ ಹಿಡಿಯುತ್ತದೆ, ಅತಿಯಾಗಿ ಒಣಗಿ ಅಂಟು ಬಿಡುತ್ತದೆ.

ಇಷ್ಟರ ಮೇಲೂ ಗೋಡೆ ಬಾಗಿದರೆ, ಸ್ಪ್ರೇ ಆಗುವ ಮೊದಲಾದರೆ, ತಗ್ಗಾದ ಬದಿಗೆ ಒದ್ದೆ ಬಟ್ಟೆ ಹಿಂಡಿ ಲಘುವಾಗಿ ಒತ್ತಿ. ಆ ಬದಿ ಹಿಗ್ಗಿ ಗೋಡೆ ನೆಟ್ಟಗಾದಾಗ ಭಾರದಡಿ ಒಣಗಿಸಿ. ಸ್ಪ್ರೇ ಆದ ಮೇಲೆ ನೀರು ಒಳಗಿಳಿಯದು. ಆಗ ಹಿಂಬದಿಗೆ 1.5 ಮಿ.ಮೀ. ರಟ್ಟಿನ ಪಟ್ಟಿಯನ್ನು ಅಂಚು ಮೇಲೆ ಬರುವಂತೆ ನಿಲ್ಲಿಸಿ, ಫೆವಿಬಾಂಡ್ ಹಾಕಿ, ಒಣಗುವವರೆಗೆ ಕ್ಲಿಪ್ ಬಿಗಿಯಿರಿ.