ಬೆಂಗಳೂರಿನಲ್ಲಿ ಸೀಟು ಸಿಗಲಿಲ್ಲವೇ?

ಸಿಕ್ಕಿತ್ತು. ಬಿಟ್ಟು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಹೋದೆ. ಇದನ್ನು ಎಷ್ಟು ಮದುವೆಮನೆಗಳಲ್ಲಿ, ಎಷ್ಟು ಬಸ್ಸುಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನು ಬಾಯಿಮಾತಿನಲ್ಲಿ ಹೇಳುವುದಿಲ್ಲ, ಬರೆದೇ ಇಡುತ್ತೇನೆ.

"ಯಾಕೆ ಹೋದೆ?" ಎಂದು ಕೇಳಿದರೆ ನನಗೆ ಸಿಟ್ಟಿಲ್ಲ. "ಅಲ್ಲಿಗೆ ಯಾಕೆ ಹೋದೆ?" ಎನ್ನುವಾಗ ಆ "ಅಲ್ಲಿಗೆ" ಎಂಬುದನ್ನು ಎಳೆಯುತ್ತಾರಲ್ಲ, ಅದನ್ನು ಸಹಿಸಲಾರೆ. ಒಮ್ಮೆ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಹಂಪಿ ನೋಡುವುದಕ್ಕೆ ಹೋಗುವ ಊರು, ಓದುವುದಕ್ಕೆ ಹೋಗುವ ಊರಲ್ಲ" ಎಂದರು. ಅಕ್ಕಪಕ್ಕದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅವರ ಎಲೆಗೆ ಎರಡನೆಯ ಹೋಳಿಗೆ ಬೀಳುವಷ್ಟರಲ್ಲಿ ನಾನು ಅರ್ಧ ಭಾಷಣವನ್ನೇ ಮಾಡಿದ್ದೆ. 1991ರಲ್ಲಿ ಸ್ಥಾಪನೆಯಾಯಿತು, ಚಂದ್ರಶೇಖರ ಕಂಬಾರರು ಮೊದಲ ಕುಲಪತಿ, ಬುಡಕಟ್ಟು, ಪುರಾತತ್ವ, ಅಭಿವೃದ್ಧಿ, ಯಾವ ವಿಷಯದ ಪ್ರಬಂಧವನ್ನಾದರೂ ಅಲ್ಲಿ ಕನ್ನಡದಲ್ಲಿ ಬರೆಯಬಹುದು, ಘಟಿಕೋತ್ಸವಕ್ಕೂ ನುಡಿಹಬ್ಬ ಎಂದು ಹೆಸರು. ಅವರು ತಲೆಯಾಡಿಸಿ, "ಅದೆಲ್ಲ ಸರಿ, ಕೆಲಸ ಸಿಗುತ್ತದೆಯೇ?" ಎಂದರು.

ಕೆಲಸದ ಪ್ರಶ್ನೆ ಸಣ್ಣದು ಎಂದು ನಾನು ಹೇಳುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಓದಿದವರಿಗೂ ಆ ಪ್ರಶ್ನೆ ಇದೆ, ಅವರನ್ನು ಯಾರೂ ಪಂಕ್ತಿಯಲ್ಲಿ ಕೂರಿಸಿಕೊಂಡು ಕೇಳುವುದಿಲ್ಲ.

"ಅಲ್ಲಿ ಏನು ಓದಿದೆ?" ಎಂದು ಮಾತ್ರ ಈವರೆಗೆ ಒಬ್ಬರೂ ಕೇಳಿಲ್ಲ.

ತಾಳೆಗರಿ ಓದಿದೆ. ಗರಿಯ ಮೇಲೆ ಕಂಟದಿಂದ, ಅಂದರೆ ಕಬ್ಬಿಣದ ಚೂಪು ಲೇಖನಿಯಿಂದ, ಕೊರೆದ ಅಕ್ಷರಗಳು. ಮಸಿ ಸವರಿದರೆ ಮಾತ್ರ ಕಣ್ಣಿಗೆ ಬೀಳುತ್ತವೆ. ಪದಗಳ ನಡುವೆ ಜಾಗವಿರುವುದಿಲ್ಲ. ಹಳೆಯ ಬರವಣಿಗೆಯಲ್ಲಿ ಒಕಾರಕ್ಕೂ ಓಕಾರಕ್ಕೂ ಗುರುತು ಒಂದೇ. ಹಾಗಾಗಿ ಗರಿಯ ಮೇಲಿರುವುದು "ಕೊಡು" ಎಂಬ ಬೇಡಿಕೆಯೋ, ಎಮ್ಮೆಯ "ಕೋಡು" ಎಂಬುದೋ ನೋಡಿದೊಡನೆ ತಿಳಿಯುವುದಿಲ್ಲ. ಮೊದಲ ಸಲ ಅಲ್ಲಿ ಸಿಕ್ಕಿಬಿದ್ದಾಗ ಮೇಷ್ಟರು ಉತ್ತರ ಹೇಳಲಿಲ್ಲ. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ಮೇಜಿನ ಮೇಲೆ ಬೆರಳು ಬಡಿಯುತ್ತಾ ಸಾಲನ್ನು ಹಾಡಿದರು. ಭಾಮಿನಿ ಷಟ್ಪದಿ: ಮೂರು, ನಾಲ್ಕು, ಮೂರು, ನಾಲ್ಕು, ಒಟ್ಟು 14 ಮಾತ್ರೆ. "ಕೊಡು" ಎಂದು ಓದಿದರೆ ಒಂದು ಮಾತ್ರೆ ಕಡಿಮೆ. ಕೋಡೇ ಸರಿ. ಒಂದು ದೀರ್ಘಕ್ಕಾಗಿ ಒಂದು ಬೆಳಗು ಕಳೆಯಿತು. ತರಗತಿಯಲ್ಲಿ ಇದ್ದದ್ದು ನಾವು ಐವರು. ಅರವತ್ತು ಮಂದಿ ಇದ್ದಿದ್ದರೆ ಆ ಕುರ್ಚಿ ನನ್ನ ಪಕ್ಕಕ್ಕೆ ಬರುತ್ತಿತ್ತೇ? ನಾನು ಹೋದದ್ದು ಆ ಕುರ್ಚಿಗಾಗಿ.

ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಹಲವೆಡೆ ಒಂದು ಸಂಸ್ಕೃತ ಶ್ಲೋಕ ಬರೆದಿರುತ್ತಾರೆ. ಬೆನ್ನು, ಸೊಂಟ, ಕುತ್ತಿಗೆ ಮುರಿದುಹೋದವು, ನೋಟ ನಿಂತುಹೋಯಿತು, ತಲೆ ಬಾಗಿತು. ಕಷ್ಟಪಟ್ಟು ಬರೆದ ಈ ಗ್ರಂಥವನ್ನು ಜೋಪಾನವಾಗಿ ಕಾಪಾಡಿ ಎಂದು ಅದರ ಅರ್ಥ. ಅದನ್ನು ಮೊದಲು ಓದಿದ ದಿನ ನನ್ನ ಕುತ್ತಿಗೆಯೂ ನೋಯುತ್ತಿತ್ತು. ಗರಿಯನ್ನು ಬಟ್ಟೆಯಲ್ಲಿ ಸುತ್ತುವಾಗ ಕೈ ತಾನಾಗಿ ನಿಧಾನವಾಯಿತು.

ಆ ಗರಿಯ ಚಿತ್ರ ನನ್ನ ಮೊಬೈಲಿನಲ್ಲಿದೆ. ಮುಂದಿನ ಮದುವೆಯಲ್ಲಿ ಸಿಕ್ಕವರು ಕೇಳಿ, ಊಟ ಬಿಟ್ಟಾದರೂ ತೋರಿಸುತ್ತೇನೆ.