ರಷ್ ವಾರ

ಅಕ್ಕನ ಮಗ ಅಮೆರಿಕದ ಒಂದು ಚಿಕ್ಕ ಕಾಲೇಜಿನಲ್ಲಿದ್ದಾನೆ. ಅಲ್ಲೀಗ ರಷ್ ವಾರವಂತೆ, ಫ್ರಟರ್ನಿಟಿಗಳು, ಅಂದರೆ ಕಾಲೇಜು ಹುಡುಗರ ಸಂಘಗಳು, ಹೊಸ ಹುಡುಗರನ್ನು ಸೇರಿಸಿಕೊಳ್ಳುವ ಸಮಯ. ತಮ್ಮ ಮನೆಗೆ ಕರೆದು ಬರ್ಗರ್ ಕೊಟ್ಟು, ಯಾವ ಊರು, ಯಾವ ಆಟ ಇಷ್ಟ ಅಂತ ನಗುನಗುತ್ತಾ ಮಾತಾಡಿಸಿ, ಆಮೇಲೆ ಬಾಗಿಲು ಹಾಕಿಕೊಂಡು ಒಬ್ಬೊಬ್ಬರ ಹೆಸರು ತೆಗೆದು ವೋಟು ಹಾಕುತ್ತಾರೆ. ಒಪ್ಪಿಗೆಯಾದವನಿಗೆ ಬಿಡ್, ಅಂದರೆ ಸೇರಿಕೋ ಅನ್ನೋ ಕರೆ, ಸಿಗುತ್ತದೆ. ಥೇಟ್ ಹೆಣ್ಣು ನೋಡೋ ಶಾಸ್ತ್ರ, ಉಪ್ಪಿಟ್ಟು ಒಂದಿಲ್ಲ ಅಷ್ಟೇ! ಇದೇನು ಹೊಸದಲ್ಲ, ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಕಪ್ಪಾ ಆಲ್ಫಾ ಸೊಸೈಟಿ ಅನ್ನೋ ಫ್ರಟರ್ನಿಟಿ ಹುಟ್ಟಿದ್ದು 1825ರಲ್ಲಿ. ದೊಡ್ಡ ಯೂನಿವರ್ಸಿಟಿಯಾದರೆ ಬೇಡ ಅಂದವರ ಕಣ್ಣಿಗೆ ಬೀಳದೆ ಇರಬಹುದು. ಇಲ್ಲಿ ಊಟದ ಹಾಲ್ ಒಂದೇ, ರಾತ್ರಿ ಬೇಡ ಅಂದವನೇ ಬೆಳಿಗ್ಗೆ ತಟ್ಟೆ ಹಿಡಿದು ಹಿಂದೆ ನಿಂತಿರುತ್ತಾನೆ. ಕಷ್ಟ ಅಲ್ವಾ? ಸೇರಿದ ಮೇಲೆ ಫೀಸು ಬೇರೆ. ಅಕ್ಕ ಕೇಳಿದ್ದು ಒಂದೇ, "ಊಟ ಅದರಲ್ಲೇ ಸೇರಿದೆಯಾ?"